ಹೆಲಿಕಾಪ್ಟರ್ ಹೋದ ಮೇಲೆ ಬಂದ ಕ್ಯಾಮೆರಾ

ಕಲ್ಲಡ್ಕದ ಪೇಟೆಯಿಂದ ಹೊರಡುವ ದಾರಿಗಳಲ್ಲಿ ಎರಡು ನನಗೆ ಮುಖ್ಯ. ಒಂದು, ಮಾಣಿ, ಉಪ್ಪಿನಂಗಡಿ ದಾಟಿ ಬೆಂಗಳೂರಿನ ಕಡೆಗೆ ಹೋಗುವ ಹೆದ್ದಾರಿ. ಇನ್ನೊಂದು, ದಕ್ಷಿಣಕ್ಕೆ ತಿರುಗಿ ವಿಟ್ಲ, ಅಡ್ಯನಡ್ಕ, ಪೆರ್ಲ, ಬದಿಯಡ್ಕಗಳ ಮೂಲಕ ಚೆರ್ಕಳ ಸೇರುವ ರಸ್ತೆ. ಹೊರಗಿನವರಿಗೆ ನಮ್ಮೂರು ಗೊತ್ತಿರುವುದು ಹಾಲು ಮತ್ತು ಡಿಕಾಕ್ಷನ್ ಒಂದರ ಮೇಲೊಂದು ಬೆರೆಯದೆ ನಿಲ್ಲುವ ಕೆ.ಟಿ. ಎಂಬ ಚಹಾದಿಂದ, ಕೆಲವೊಮ್ಮೆ ಪತ್ರಿಕೆಗಳ ಮುಖಪುಟಕ್ಕೆ ಬರುವ ಬೇರೆ ಕಾರಣಗಳಿಂದ. ಇತಿಹಾಸ ಓದುವವಳಾಗಿ ನನಗೆ ಈ ಊರು ಬೇಕಾಗಿರುವುದು ಈ ಕವಲಿಗಾಗಿ. ಚೆರ್ಕಳದ ದಾರಿ ಹಿಡಿದರೆ ಗಡಿಯಾಚೆ ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣಿನಗರ, ಸ್ವರ್ಗ ಸಿಗುತ್ತವೆ. ಬೆಂಗಳೂರಿನ ದಾರಿ ಹಿಡಿದು, ಉಪ್ಪಿನಂಗಡಿ ದಾಟಿದ ಮೇಲೆ ಎಡಕ್ಕೆ ತಿರುಗಿದರೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ.

ಈ ಎರಡೂ ಕಡೆಯ ಗುಡ್ಡಗಳಲ್ಲಿ ಸರಕಾರಿ ಗೇರು ತೋಟಗಳಿವೆ. ಎರಡೂ ಕಡೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ನಡುವೆ ಇರುವುದು 1956ರಲ್ಲಿ ಎಳೆದ ರಾಜ್ಯದ ಗೆರೆ. ಆಚೆಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್, ಈಚೆಗೆ 1978ರಲ್ಲಿ ಹುಟ್ಟಿದ ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಕಾಸರಗೋಡಿನಲ್ಲಿ ಹೆಲಿಕಾಪ್ಟರ್ ನಿಂತಾಗ ನನಗೆ ಮೂರು ವರ್ಷ. ಅದರ ಸದ್ದು ಹೇಗಿತ್ತು, ವಾಸನೆ ಹೇಗಿತ್ತು ಎಂಬುದನ್ನೆಲ್ಲ ಹಿರಿಯರ ಬಾಯಿಂದ ಕೇಳಿದ್ದೇನೆ, ಅಷ್ಟೆ. ನನ್ನ ತಲೆಮಾರಿನವರಿಗೆ ಈ ಇತಿಹಾಸ ಬಂದಿರುವುದು ಛಾಯಾಚಿತ್ರಗಳ ಮೂಲಕ. ಶಾಲೆಯಲ್ಲಿದ್ದಾಗ ಪತ್ರಿಕೆಯ ಪುಟಗಳಲ್ಲಿ, ಆಮೇಲೆ ಕಾಲೇಜಿನ ವಿಚಾರಗೋಷ್ಠಿಗಳ ಬ್ಯಾನರುಗಳಲ್ಲಿ ಅವು ಇದ್ದವು. ಈಗ ಎಂಡೋಸಲ್ಫಾನ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಒಂದು ಮಗುವಿನ ದೇಹ. ಹೆಲಿಕಾಪ್ಟರ್ ಬರುವುದಿಲ್ಲ, ನಿಗಮದ ಕಚೇರಿ ಬರುವುದಿಲ್ಲ, ಟೆಂಡರ್ ಕಾಗದ ಬರುವುದಿಲ್ಲ. ಹೀಗೆ ಯಾಕಾಯಿತು, ಇದರಿಂದ ಚಳವಳಿಗೆ ಏನು ಸಿಕ್ಕಿತು, ಏನು ಕೈತಪ್ಪಿತು ಎಂಬುದು ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಮೊದಲು ಸದ್ದಿನ ಕಾಲದ ಕತೆ. ಕಾಸರಗೋಡಿನಲ್ಲಿ 4,500 ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ, ಆಕಾಶದಿಂದ ಎಂಡೋಸಲ್ಫಾನ್ ಬಿತ್ತು. ಗೇರು ಚಿಗುರಿ ಹೂ ಬಿಡುವಾಗ ರಸ ಹೀರಿ ಕರಟಿಸುವ ಒಂದು ತಿಗಣೆಯನ್ನು ಕೊಲ್ಲುವುದು ಉದ್ದೇಶ. ನಮ್ಮ ಕಡೆ ಅದನ್ನು ಟೀ ಸೊಳ್ಳೆ ಎನ್ನುತ್ತಾರೆ. ಸಿಂಪಡಣೆಗೆ ನಿಯಮಗಳೂ ಇದ್ದವು. ಮರದ ತುದಿಯಿಂದ ಎರಡು ಮೂರು ಮೀಟರಿಗಿಂತ ಎತ್ತರದಲ್ಲಿ ಹಾರಬಾರದು, ಸುತ್ತಲಿನವರು ಬಾವಿಗಳನ್ನು ಮುಚ್ಚಿಡಬೇಕು, ಇತ್ಯಾದಿ. ಏರುತಗ್ಗಿನ ಗುಡ್ಡಗಳ ನಡುವೆ ಅಷ್ಟು ತಗ್ಗಿನಲ್ಲಿ ಹಾರುವುದು ಆಗುವ ಮಾತಲ್ಲ. ಇನ್ನು ಬಾವಿ ಮುಚ್ಚುವ ವಿಚಾರ. ಪಡ್ರೆಯ ಕಣಿವೆಯಲ್ಲಿ ಬಹಳ ಮನೆಗಳಿಗೆ ನೀರು ಕೊಡುವುದು ಸುರಂಗಗಳು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಆಳು ನಡೆದು ಹೋಗುವಷ್ಟು ಅಗಲಕ್ಕೆ ಕೊರೆದ ಮಾಟೆಗಳವು. ಒಳಗಿನ ಒಸರು ಬಾಯಿಗೆ ಬಂದು, ತೋಡಿನಲ್ಲೋ ಅಡಿಕೆ ದಂಬೆಯಲ್ಲೋ ಹರಿದು ಅಂಗಳಕ್ಕೆ ಬರುತ್ತದೆ. ಗುಡ್ಡದ ಮೇಲೆ ಬಿದ್ದದ್ದು ಗುಡ್ಡದೊಳಗಿನಿಂದಲೇ ಬರುವ ನೀರಿಗೆ ಏನನ್ನು ಮುಚ್ಚುವುದು? ಆ ಸೂಚನೆ ಬರೆದವರು ಪಡ್ರೆಯನ್ನು ನೋಡಿರಲಿಕ್ಕಿಲ್ಲ.

1979ರಲ್ಲಿ ಪಡ್ರೆಯ ಕೃಷಿಕರೊಬ್ಬರ ಹಟ್ಟಿಯಲ್ಲಿ ಕೈಕಾಲು ಸೊಟ್ಟಗಾದ ಮೂರು ಕರುಗಳು ಕಂಡವು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಅದರ ಬಗ್ಗೆ ಬರೆಯತೊಡಗಿದರು. ಗೇರುಬೀಜಕ್ಕಿಂತ ಜೀವ ಅಗ್ಗವಾಯಿತೆ ಎಂಬ ಅರ್ಥದ ತಲೆಬರಹದ ಅವರ ಇಂಗ್ಲಿಷ್ ಲೇಖನ 1981ರಲ್ಲಿ ಬಂತು. ವಾಣಿನಗರದಲ್ಲಿ ಚಿಕಿತ್ಸಾಲಯ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕ ವಿಚಿತ್ರವಾಗಿ ಕಂಡಿತು. ಸಣ್ಣ ಊರು, ಕೆಲವೇ ಮನೆಗಳು. ಅಷ್ಟರಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್, ಮಕ್ಕಳಾಗದಿರುವುದು. 1990ರ ದಶಕದಲ್ಲಿ ಅವರು ವೈದ್ಯರ ಪತ್ರಿಕೆಗೆ ಪತ್ರ ಬರೆದು, ಯಾರಾದರೂ ಬಂದು ಪರೀಕ್ಷಿಸಿ ಎಂದರು. ಕಾಸರಗೋಡಿನ ದಕ್ಷಿಣಕ್ಕೆ, ಪೆರಿಯದಲ್ಲಿ, ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋದರು. ಆಕಾಶದ ಸಿಂಪಡಣೆ 2000ದ ಅಕ್ಟೋಬರಿನಲ್ಲಿ ಆ ಕೋರ್ಟಿನ ಆದೇಶದಿಂದ ನಿಂತಿತು.

ಇಲ್ಲಿಯವರೆಗೆ ಕೆಲಸ ಮಾಡಿದ್ದು ಬರಹ, ರೋಗಿಗಳ ದಾಖಲೆ ಪುಸ್ತಕ, ಕೋರ್ಟಿನ ಅರ್ಜಿ ಎಂಬುದನ್ನು ಗಮನಿಸಬೇಕು. ಚಿತ್ರಗಳ ಬಗ್ಗೆ ಮಾತಾಡುವಾಗ ನಾವು ಇದನ್ನು ಮರೆತುಬಿಡುತ್ತೇವೆ. ಹೆಲಿಕಾಪ್ಟರನ್ನು ಇಳಿಸಿದ್ದು ಚಿತ್ರವಲ್ಲ. ಒಬ್ಬ ಹೆಂಗಸು ತಾಲೂಕು ಮಟ್ಟದ ಕೋರ್ಟಿನಲ್ಲಿ ಹಾಕಿದ ದಾವೆ.

ಆದರೆ ಊರಿನ ಹೊರಗೆ ಇದು ಯಾರಿಗೂ ಸುದ್ದಿಯಾಗಿರಲಿಲ್ಲ. ಸುಮಾರು ಇಪ್ಪತ್ತು ವರ್ಷ ಬರೆದದ್ದು ಕನ್ನಡದ, ಇಂಗ್ಲಿಷಿನ, ಮಲಯಾಳದ ಪುಟಗಳಲ್ಲಿ ಹಾಗೇ ಬಿದ್ದಿತ್ತು. 2001ರ ಹೊತ್ತಿಗೆ 'ಮಾತೃಭೂಮಿ'ಯ ಛಾಯಾಗ್ರಾಹಕ ಮಧುರಾಜ್ ಕಾಸರಗೋಡಿನ ಮನೆಗಳಿಗೆ ಹೋಗಿ ತೆಗೆದ ಚಿತ್ರಗಳು ಪ್ರಕಟವಾದಾಗ ಸಂಗತಿಯೇ ಬದಲಾಯಿತು. ತಲೆಯ ಭಾರಕ್ಕೆ ಏಳಲಾಗದ ಮಗು. ಚಾಪೆಯ ಮೇಲೆ ಮಡಚಿ ಬಿದ್ದ ಹುಡುಗ. ಕೇರಳದ ಓದುವ ಮಧ್ಯಮ ವರ್ಗ ಮೊದಲ ಸಲ ತನ್ನ ರಾಜ್ಯದ ಉತ್ತರದ ತುದಿಯನ್ನು ನೋಡಿತು. ಆ ತುದಿಯಲ್ಲಿ ಇರುವವರು ಕನ್ನಡ, ತುಳು, ಮರಾಠಿ, ಬ್ಯಾರಿ, ಮಲಯಾಳ ಮಾತಾಡುವ ಬಡವರು. ತಿರುವನಂತಪುರಕ್ಕೆ ದೂರದವರು, ಬೆಂಗಳೂರಿಗೆ ಪರರಾಜ್ಯದವರು. ಅವರ ಮಾತು ಅನುವಾದವಾಗಬೇಕಿತ್ತು. ಚಿತ್ರಕ್ಕೆ ಅನುವಾದ ಬೇಕಾಗಲಿಲ್ಲ. ಕಾಸರಗೋಡಿನಂಥ ಏಳು ಭಾಷೆಗಳ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಎಂ.ಎ. ರಹಮಾನ್ ಸಾಕ್ಷ್ಯಚಿತ್ರ ಮಾಡಿದರು. ಅಂಬಿಕಾಸುತನ್ ಮಾಂಗಾಡ್ 2009ರಲ್ಲಿ 'ಎಣ್ಮಕಜೆ' ಎಂಬ ಕಾದಂಬರಿಯನ್ನೇ ಬರೆದರು. 2015ರಲ್ಲಿ ಡಾ. ಬಿಜು 'ವಲಿಯ ಚಿರಗುಳ್ಳ ಪಕ್ಷಿಗಳ್' ಎಂಬ ಸಿನಿಮಾ ಮಾಡಿದಾಗ ಅದರ ನಾಯಕ ಒಬ್ಬ ಛಾಯಾಗ್ರಾಹಕ. ಮಧುರಾಜ್ ಅವರೇ ಅದಕ್ಕೆ ಪ್ರೇರಣೆ. ಚಳವಳಿಯ ಕತೆ ಹೇಳುವಾಗ ಅರ್ಜಿದಾರಳೋ ವೈದ್ಯನೋ ನಾಯಕರಾಗದೆ ಕ್ಯಾಮೆರಾ ಹಿಡಿದವನು ನಾಯಕನಾದದ್ದು, ಈ ಇತಿಹಾಸ ನಮ್ಮ ನೆನಪಿನಲ್ಲಿ ಹೇಗೆ ಕೂತಿದೆ ಎಂಬುದಕ್ಕೆ ಒಳ್ಳೆಯ ಗುರುತು.

ಈ ಚಿತ್ರಗಳು ಬಂದದ್ದು ಹೆಲಿಕಾಪ್ಟರ್ ಹೋದ ಮೇಲೆ. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಅಮೆರಿಕದಲ್ಲಿ 1908ರಿಂದ ಲೂಯಿಸ್ ಹೈನ್ ಎಂಬಾತ ಬಾಲಕಾರ್ಮಿಕರ ಚಿತ್ರ ತೆಗೆದ. ಅವನ ಚಿತ್ರಗಳಲ್ಲಿ ಹುಡುಗಿ ಇದ್ದಾಳೆ, ಅವಳ ಪಕ್ಕದಲ್ಲಿ ನೂಲಿನ ಯಂತ್ರವೂ ಇದೆ. ಜೇಬಿನೊಳಗೆ ಕೈಯಿಟ್ಟು ಕದ್ದು ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ತನ್ನ ಕೋಟಿನ ಗುಂಡಿಗಳ ಎತ್ತರಕ್ಕೆ ಹೋಲಿಸಿ ಮಕ್ಕಳ ಎತ್ತರ ಅಂದಾಜು ಮಾಡುತ್ತಿದ್ದ. ಹೆಸರು, ವಯಸ್ಸು, ಗಿರಣಿ ಯಾವುದು ಎಂಬುದನ್ನೆಲ್ಲ ಚಿತ್ರದ ಜತೆ ಇಡುತ್ತಿದ್ದ. ನೋವು ಮತ್ತು ನೋವಿನ ಕಾರಣ ಎರಡೂ ಒಂದೇ ಚೌಕಟ್ಟಿನಲ್ಲಿ ಇದ್ದವು. ಕಾಸರಗೋಡಿನ ಮನೆಗಳಿಗೆ ಕ್ಯಾಮೆರಾ ಬರುವಾಗ ಕಾರಣ ಆಗಲೇ ಆವಿಯಾಗಿತ್ತು. ಉಳಿದದ್ದು ಫಲ ಮಾತ್ರ. ಕಾರಣವನ್ನು ನೋಡುವವನು ತಲೆಬರಹದಿಂದ ತಿಳಿದುಕೊಳ್ಳಬೇಕಿತ್ತು.

ಭೋಪಾಲದಲ್ಲೂ ಹೀಗೇ. 1984ರ ಡಿಸೆಂಬರಿನಲ್ಲಿ ರಘು ರೈ ಮತ್ತು ಪಾಬ್ಲೊ ಬಾರ್ತಲೊಮ್ಯೂ ಇಬ್ಬರೂ ಮಣ್ಣಿಗಿಳಿಯುತ್ತಿರುವ ಒಂದು ಮಗುವಿನ ಮುಖವನ್ನು ಸೆರೆಹಿಡಿದರು. ಜಗತ್ತಿಗೆ ಭೋಪಾಲವೆಂದರೆ ಇಂದಿಗೂ ಆ ಮುಖ. ಆ ಮಗು ಯಾರದೆಂದು ಇಂದಿಗೂ ತಿಳಿದಿಲ್ಲ.

ಕ್ಯಾಮೆರಾ ನಮ್ಮ ಜಿಲ್ಲೆಗೆ ಬಂದದ್ದೇ ಹೆಸರಿಲ್ಲದ ದೇಹಗಳನ್ನು ಹುಡುಕಿಕೊಂಡು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತುಳುನಾಡಿನ ಜನರ ಚಿತ್ರಗಳನ್ನು ತೆಗೆದು ಯುರೋಪಿಗೆ ಕಳಿಸಿದರು. ಅವುಗಳಿಲ್ಲದಿದ್ದರೆ ಆ ಕಾಲದ ಉಡುಗೆ, ಮನೆ, ಕಸುಬು ಕಾಣಲು ನಮಗೆ ಬೇರೆ ದಾರಿ ಕಡಿಮೆ; ಅದಕ್ಕೆ ಕೃತಜ್ಞತೆಯಿದೆ. ಆದರೆ ಆ ಚಿತ್ರಗಳ ಕೆಳಗೆ ಹೆಚ್ಚಾಗಿ ಇರುವುದು ಜಾತಿಯ ಹೆಸರು, ಕಸುಬಿನ ಹೆಸರು. ನಿಂತ ಮನುಷ್ಯನ ಹೆಸರಲ್ಲ. ಅವನು ಒಂದು ಮಾದರಿ. 'ಎಂಡೋಸಲ್ಫಾನ್ ಮಗು' ಎಂಬ ಪೋಸ್ಟರನ್ನು ನೋಡುವಾಗ ಒಮ್ಮೊಮ್ಮೆ ನನಗೆ ಆ ಹಳೆಯ ಗಾಜಿನ ಫಲಕಗಳ ನೆನಪಾಗುತ್ತದೆ. ತೆಗೆದವರ ಮನಸ್ಸು ಬೇರೆ, ಉದ್ದೇಶ ಬೇರೆ, ಒಪ್ಪುತ್ತೇನೆ. ಆದರೂ ನೂರಾರು ಕಡೆ ಅಂಟಿಸಿದ ಮೇಲೆ ಆ ಮಗುವೂ ಒಂದು ಮಾದರಿಯಾಗಿ ಬಿಡುತ್ತದೆ.

ಮಾದರಿಯಾದದ್ದರ ಪರಿಣಾಮ ಏನು ಎಂದು ತಿಳಿಯಲು ವಿಜ್ಞಾನದ ಕಡೆ ಸ್ವಲ್ಪ ಹೋಗಬೇಕು. 2001ರ ಫೆಬ್ರವರಿಯಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಹಾಲು, ಮನುಷ್ಯರ ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಇದೆ ಎಂದು ಪ್ರಕಟಿಸಿತು. ಉದ್ಯಮದವರು ಅದನ್ನು ಅಲ್ಲಗಳೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಗೇರು ಗುಡ್ಡದ ಬುಡದ ಶಾಲೆಯ ಮಕ್ಕಳನ್ನು, ಸಿಂಪಡಣೆ ಇಲ್ಲದ ಮೀಂಜದ ಕಡೆಯ ಮಕ್ಕಳೊಂದಿಗೆ ಹೋಲಿಸಿದರು. 2003ರಲ್ಲಿ ಅದರ ಒಂದು ಭಾಗ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು: ಗುಡ್ಡದ ಬುಡದ 117 ಹುಡುಗರು, ಹೋಲಿಕೆಗೆ 90 ಹುಡುಗರು. ಬುಡದ ಹುಡುಗರ ರಕ್ತದಲ್ಲಿ ವಿಷದ ಉಳಿಕೆ ಹೆಚ್ಚು, ಪ್ರಾಯಕ್ಕೆ ಬರುವುದು ತಡ, ಹಾರ್ಮೋನುಗಳಲ್ಲಿ ಏರುಪೇರು. ಇನ್ನೊಂದು ಕಡೆ ಅದೇ 2003ರಲ್ಲಿ ಕೇಂದ್ರ ಸರಕಾರದ ದುಬೆ ಸಮಿತಿ, ಊರಿನ ಕಾಯಿಲೆಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಕಾಣುವುದಿಲ್ಲ ಎಂದಿತು. ಯಾವ ಕಾಯಿಲೆಗೆ ಎಷ್ಟರ ಮಟ್ಟಿಗೆ ಈ ವಿಷವೇ ಕಾರಣ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆಯುತ್ತಲೇ ಇದೆ.

ಈಗ ಆ 117 ಹುಡುಗರನ್ನು ಯೋಚಿಸಿ. ಅವರ ಚಿತ್ರ ತೆಗೆದರೆ ಏನು ಕಾಣುತ್ತದೆ? ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಂತು ನಗುತ್ತಿರುವ ಹುಡುಗರು. ಹಾರ್ಮೋನಿನ ಏರುಪೇರನ್ನು ಯಾವ ಲೆನ್ಸೂ ತೋರಿಸಲಾರದು. ಪ್ರಯೋಗಾಲಯಕ್ಕೆ ಸಿಕ್ಕಿದ್ದು ಕ್ಯಾಮೆರಾಕ್ಕೆ ಸಿಗಲಿಲ್ಲ. ಕ್ಯಾಮೆರಾಕ್ಕೆ ಸಿಕ್ಕಿದ್ದರ ಮೇಲೆ ಪ್ರಯೋಗಾಲಯಗಳಲ್ಲಿ ಜಗಳ ನಿಲ್ಲಲಿಲ್ಲ. ತಲೆ ದೊಡ್ಡದಾಗುವ ಕಾಯಿಲೆ ಎಂಡೋಸಲ್ಫಾನ್ ಕಾಣದ ಊರುಗಳಲ್ಲೂ ಉಂಟಲ್ಲ ಎಂದು ಸಿಂಪಡಣೆಯ ಪರವಾಗಿದ್ದವರು ಕೇಳುವಾಗ, ಚಳವಳಿಯ ಅತ್ಯಂತ ಬಲವಾದ ಚಿತ್ರವೇ ಅದರ ಅತ್ಯಂತ ಸುಲಭದ ಗುರಿಯಾಯಿತು. ಚಿತ್ರ ಒಂದು ಜೀವ ಇದೆ ಎಂಬುದಕ್ಕೆ ಸಾಕ್ಷಿ. ಯಾಕೆ ಹೀಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಆ ಎರಡನೆಯ ಸಾಕ್ಷ್ಯದ ಭಾರವನ್ನು ನಾವು ಅದರ ಮೇಲೆ ಹೊರಿಸಿದೆವು.

ಹಾಗೆಂದು ಅದು ಮಾಡಿದ ಕೆಲಸ ಸಣ್ಣದಲ್ಲ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಸೇರಿದಾಗ, ಎಂಡೋಸಲ್ಫಾನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಭಾರತ ನಿಷೇಧಕ್ಕೆ ಅಡ್ಡ ನಿಂತಿತ್ತು. ಸಭೆ ಆರಂಭವಾದ ದಿನ, ಏಪ್ರಿಲ್ 25ರಂದು, ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತರು. ಒಂದು ರಾಜ್ಯದ ಮುಖ್ಯಮಂತ್ರಿ ಒಂದು ಕೀಟನಾಶಕದ ವಿರುದ್ಧ ಉಪವಾಸ ಕೂರುವುದೆಂದರೆ, ಅವರ ಹಿಂದೆ ಹತ್ತು ವರ್ಷ ಆ ಚಿತ್ರಗಳನ್ನು ನೋಡಿದ ಜನ ಇದ್ದಾರೆ ಎಂದರ್ಥ. ಕೆಲವು ವಿನಾಯಿತಿಗಳೊಂದಿಗೆ ಜಾಗತಿಕ ನಿಷೇಧ ಬಂತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. ಕರ್ನಾಟಕ ಅದಕ್ಕೂ ಮೊದಲು, ಫೆಬ್ರವರಿಯಲ್ಲೇ ನಿಷೇಧ ಹೇರಿತ್ತು.

ಇನ್ನು ಹೆದ್ದಾರಿಯ ಇನ್ನೊಂದು ಕವಲು. ಕೊಕ್ಕಡ, ಪಟ್ರಮೆ, ನಿಡ್ಲೆಗಳ ಚಿತ್ರ ನಿಮ್ಮ ಕಣ್ಣಿಗೆ ಕಟ್ಟಿದೆಯೆ? ಅದೇ ವಿಷ, ಅದೇ ಗೇರು, ಅದೇ ರೀತಿಯ ಮನೆಗಳು. ಆದರೆ ಕನ್ನಡ ಓದುಗರ ನೆನಪಿನಲ್ಲಿಯೂ ಎಂಡೋಸಲ್ಫಾನ್ ಎಂದರೆ ಕಾಸರಗೋಡು. ಪಟ್ರಮೆಗೆ ಒಬ್ಬ ಮಧುರಾಜ್ ಬರಲಿಲ್ಲ. ಸ್ಥಳೀಯ ವರದಿಗಾರರು ಬರೆದರು, ಚಿತ್ರಗಳೂ ಜಿಲ್ಲಾ ಪುಟಗಳಲ್ಲಿ ಬಂದವು; ಘಟ್ಟ ಹತ್ತಲಿಲ್ಲ. ಕೊಕ್ಕಡದ ಎಂಡೋಸಲ್ಫಾನ್ ವಿರೋಧಿ ಹೋರಾಟ ಸಮಿತಿಯನ್ನು ಮುನ್ನಡೆಸಿದ ಶ್ರೀಧರ ಗೌಡರಿಗೆ ಕಣ್ಣು ಕಾಣುವುದಿಲ್ಲ. ಚಿತ್ರವೇ ಮಾತಾಡಬೇಕು ಎಂದುಕೊಂಡ ಕಾಲದಲ್ಲಿ, ಯಾವ ಚಿತ್ರವನ್ನೂ ನೋಡಲಾಗದವರೊಬ್ಬರು ಕಚೇರಿಯಿಂದ ಕಚೇರಿಗೆ ಅಲೆದು, ಹೆಸರುಗಳನ್ನು ಸೇರಿಸುತ್ತಾ ಒಂದು ಚಳವಳಿ ಕಟ್ಟಿದ್ದು ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಬರೆದಿಡಬೇಕಾದ ಸಂಗತಿ. ಇಲ್ಲಿನ ಹೋರಾಟದ ಭಾಷೆ ಪಟ್ಟಿ, ಶಿಬಿರ, ಪ್ರಮಾಣಪತ್ರ. ಕೊಕ್ಕಡದಲ್ಲೂ ಕೊಯಿಲದಲ್ಲೂ ಹಗಲಿನ ಪಾಲನಾ ಕೇಂದ್ರಗಳು ಬಂದವು. ಮಾಸಾಶನ ಬಂತು: ಅಂಗವೈಕಲ್ಯ ಶೇ. 25ರಿಂದ ಶೇ. 60ರೊಳಗಿದ್ದರೆ ತಿಂಗಳಿಗೆ 1,500 ರೂಪಾಯಿ, ಅದಕ್ಕೆ ಮೇಲಿದ್ದರೆ 3,000 ಎಂಬುದು ಬಹಳ ಕಾಲ ನಡೆದ ಲೆಕ್ಕ.

ಈ ಶೇಕಡಾವಾರು ಎಂಬುದೂ ಒಂದು ರೀತಿಯ ಛಾಯಾಗ್ರಹಣವೇ ಎಂದು ನನಗನಿಸುತ್ತದೆ. ಕಣ್ಣಿಗೆ ಕಾಣುವುದಕ್ಕೆ ಹೆಚ್ಚು ಅಂಕ. ಚರ್ಮದ ಕಾಯಿಲೆ, ಮತ್ತೆ ಮತ್ತೆ ಆದ ಗರ್ಭಪಾತ, ಮದುವೆಯೇ ಆಗದೆ ತಮ್ಮನನ್ನು ನೋಡಿಕೊಂಡು ಉಳಿದ ಅಕ್ಕನ ಬದುಕು, ಇವು ಶೇ. 25ನ್ನು ಮುಟ್ಟುವುದು ಹೇಗೆ? ಪಟ್ಟಿ ಮಾಡಲು ಬಂದ ವೈದ್ಯರ ಮನಸ್ಸಿನಲ್ಲೂ, ಅರ್ಜಿ ಹಿಡಿದು ಸಾಲಿನಲ್ಲಿ ನಿಂತವರ ಮನಸ್ಸಿನಲ್ಲೂ ಪೋಸ್ಟರಿನ ಮಗುವೇ ಅಳತೆಗೋಲಾಗಿ ಕೂತಿತ್ತು ಎಂದು ಹಲವರ ಮಾತು ಕೇಳಿದ ಮೇಲೆ ಹೇಳುತ್ತಿದ್ದೇನೆ. ಹಾಗೆ ಕಾಣದವನು ಸಂತ್ರಸ್ತನೇ ಅಲ್ಲ ಎಂಬ ಭಾವನೆ ಊರಿನೊಳಗೂ ಬೆಳೆಯಿತು. "ಅವನಿಗೆಂಥ ಆಗಿದೆ, ನಡೀತಾನಲ್ಲ" ಎಂಬ ಮಾತನ್ನು ನಾನೇ ಎರಡು ಕಡೆ ಕೇಳಿದ್ದೇನೆ.

ಕೊಕ್ಕಡದ ಕಡೆಯ ಒಂದು ಮನೆಗೆ ಕ್ಷೇತ್ರಕಾರ್ಯಕ್ಕೆಂದು ಹೋಗಿದ್ದೆ. ಹೆಸರು, ಊರು ಬೇಡ. ಜಗಲಿಯಲ್ಲಿ ನಿಂತ ತಾಯಿ ಮೊದಲು ಹೇಳಿದ್ದು, "ಮೊಬೈಲು ಚೀಲಕ್ಕೆ ಹಾಕಿ ಮಗಾ, ಮತ್ತೆ ಒಳಗೆ ಬನ್ನಿ." ಚೀಲಕ್ಕೆ ಹಾಕಿದೆ. ಪುನರ್ಪುಳಿ ಶರಬತ್ತು ಕೊಟ್ಟರು. ಮಗಳು ಒಳಕೋಣೆಯಲ್ಲಿ ಮಲಗಿದ್ದಳು, ನನಗಿಂತ ಎರಡು ವರ್ಷ ಸಣ್ಣವಳು. ಬಹಳ ಜನ ಬಂದು ಫೋಟೋ ತೆಗೆದಿದ್ದಾರೆ ಎಂದರು ಅವರು, ಸಿಟ್ಟಿಲ್ಲದೆ. "ಬಂದವರೆಲ್ಲ ಅವಳ ಕಾಲಿನ ಮೇಲಿನ ಬಟ್ಟೆ ಸರಿಸಿ ಅಂತ ಹೇಳಿದರು. ಒಬ್ಬರೂ ಮುಖ ಒರೆಸಿ ಅಂತ ಹೇಳಲಿಲ್ಲ." ಇಷ್ಟು ಹೇಳಿ ಕಪಾಟಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಅಂಗವಿಕಲರ ಗುರುತಿನ ಚೀಟಿ, ಆಸ್ಪತ್ರೆಯ ಕಾಗದಗಳು, ಒಂದಷ್ಟು ಪಾಸ್‌ಪೋರ್ಟ್ ಅಳತೆಯ ಚಿತ್ರಗಳು. ಸರಕಾರಕ್ಕೆ ಬೇಕಾದ ಚಿತ್ರವದು: ಮುಖ ನೇರ ಇರಬೇಕು, ಹಿನ್ನೆಲೆ ಬಿಳಿ ಇರಬೇಕು. ಕುತ್ತಿಗೆ ನಿಲ್ಲದ ಹುಡುಗಿಯನ್ನು ರಿಕ್ಷಾದಲ್ಲಿ ಸ್ಟುಡಿಯೋಕ್ಕೆ ಒಯ್ದು, ಬಿಳಿ ಬಟ್ಟೆಯ ಹಿಂದೆ ತಾಯಿ ಕುಕ್ಕರುಗಾಲಿನಲ್ಲಿ ಕೂತು, ಬಟ್ಟೆಯೊಳಗಿಂದ ಅವಳ ತಲೆಯನ್ನು ಎತ್ತಿ ಹಿಡಿದಿದ್ದರಂತೆ. ಚಿತ್ರದಲ್ಲಿ ಕಿವಿಯ ಹಿಂದೆ, ಬಟ್ಟೆಯ ಕೆಳಗೆ, ಬೆರಳುಗಳ ಉಬ್ಬು ಕಾಣುತ್ತದೆ. "ಇದು ನನ್ನ ಕೈ" ಎಂದು ಬೆರಳಿಟ್ಟು ತೋರಿಸಿದರು. ಎಂಡೋಸಲ್ಫಾನ್ ಕುರಿತು ನಾನು ನೋಡಿದ ನೂರಾರು ಚಿತ್ರಗಳಲ್ಲಿ, ಇಷ್ಟು ವರ್ಷ ಈ ಮಕ್ಕಳನ್ನು ಬದುಕಿಸಿದ ಕೆಲಸ ಯಾರದು ಎಂದು ತೋರಿಸಿದ್ದು ಅದೊಂದೇ. ತೆಗೆದವನಿಗೆ ಅದು ಮುಚ್ಚಬೇಕಾದ ದೋಷವಾಗಿತ್ತು.

ಜಪಾನಿನ ಮಿನಮಾಟದ ಚಿತ್ರವನ್ನು ಇಲ್ಲಿ ನೆನೆಯದೆ ಇರಲಾಗದು. ಚಿಸ್ಸೊ ಎಂಬ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಮನುಷ್ಯರಿಗೆ ಬಂದು, 1956ರಲ್ಲಿ ಆ ರೋಗ ಅಧಿಕೃತವಾಗಿ ದಾಖಲಾಯಿತು. ಯೂಜೀನ್ ಸ್ಮಿತ್ ಮತ್ತು ಐಲೀನ್ ಸ್ಮಿತ್ ದಂಪತಿ 1971ರಿಂದ ಮೂರು ವರ್ಷ ಅಲ್ಲೇ ಮನೆ ಮಾಡಿಕೊಂಡು ಇದ್ದರು. 1972ರ ಜನವರಿಯಲ್ಲಿ ಕಂಪೆನಿಯ ಕಾರ್ಖಾನೆಯೊಂದರಲ್ಲಿ ಯೂಜೀನ್ ಸ್ಮಿತ್ ಏಟು ತಿಂದರು. ಅವರ ಅತ್ಯಂತ ಪ್ರಸಿದ್ಧ ಚಿತ್ರದಲ್ಲಿ, ಹುಟ್ಟುವ ಮೊದಲೇ ವಿಷಕ್ಕೆ ಒಳಗಾದ ಮಗಳನ್ನು ತಾಯಿ ಸ್ನಾನದ ತೊಟ್ಟಿಯಲ್ಲಿ ತೋಳಮೇಲೆ ಮಲಗಿಸಿಕೊಂಡಿದ್ದಾಳೆ. ತಾಯಿ ಮಗಳ ಮುಖವನ್ನೇ ನೋಡುತ್ತಿದ್ದಾಳೆ. ಅದು ತಂದೆತಾಯಿಯ ಒಪ್ಪಿಗೆಯಿಂದ ತೆಗೆದ ಚಿತ್ರ. ಲೋಕವೆಲ್ಲ ಸುತ್ತಿತು, ಹೋರಾಟಕ್ಕೆ ಬಲ ಕೊಟ್ಟಿತು. ಮಗಳು 1977ರಲ್ಲಿ ತೀರಿಕೊಂಡಳು. ಆಮೇಲೂ ಅವಳ ಬೆತ್ತಲೆ ದೇಹ ಪುಸ್ತಕ, ಪೋಸ್ಟರು, ಪ್ರದರ್ಶನಗಳಲ್ಲಿ ಸುತ್ತುತ್ತಲೇ ಇತ್ತು. ಅವಳಿಗಿನ್ನು ವಿಶ್ರಾಂತಿ ಬೇಕು ಎಂದು ಮನೆಯವರಿಗೆ ಅನಿಸಿತು. 1998ರಲ್ಲಿ ಐಲೀನ್ ಸ್ಮಿತ್ ಆ ಚಿತ್ರದ ಕುರಿತ ತೀರ್ಮಾನದ ಹಕ್ಕನ್ನು ತಂದೆತಾಯಿಗೆ ಒಪ್ಪಿಸಿ, ಇನ್ನು ಹೊಸದಾಗಿ ಪ್ರಕಟಿಸುವುದಿಲ್ಲ ಎಂದರು. ಇಪ್ಪತ್ತನೆಯ ಶತಮಾನದ ಅತ್ಯಂತ ಹೆಸರಾದ ಚಿತ್ರಗಳಲ್ಲಿ ಒಂದನ್ನು ಹೀಗೆ ಮರಳಿ ಕೊಟ್ಟರು. ಅವಳ ಹೆಸರು ಎಲ್ಲ ಕಡೆ ಸಿಗುತ್ತದೆ. ನಾನಿಲ್ಲಿ ಬರೆಯುತ್ತಿಲ್ಲ.

ನಮ್ಮಲ್ಲಿ ಒಪ್ಪಿಗೆ ಎಂದರೆ ಏನು? ಚಿತ್ರ ತೆಗೆಯುವ ಹೊತ್ತಿಗೆ ಬಾಗಿಲು ತೆರೆದ ತಂದೆತಾಯಿ ಒಪ್ಪಿದ್ದರು, ನಿಜ. ತೆಗೆದವರು ಸಾಂಬಳಕ್ಕಾಗಿ ಬಂದುಹೋದವರಲ್ಲ. ಹಲವರು ವರ್ಷಗಟ್ಟಲೆ ಆ ಮನೆಗಳ ಜತೆ ನಿಂತರು. ಆದರೆ ಆ ಒಪ್ಪಿಗೆ ಎಷ್ಟು ವರ್ಷಕ್ಕೆ, ಎಷ್ಟು ಗೋಡೆಗಳಿಗೆ? ಮೊಬೈಲಿನಲ್ಲಿ ಹರಿದಾಡುವ ಚಿತ್ರವನ್ನು ಹಿಂದಕ್ಕೆ ಕೊಡುವುದು ಯಾರು?

ತಾಯಂದಿರು ಇದಕ್ಕೆ ತಮ್ಮದೇ ದಾರಿ ಹಿಡಿದರು. ಕಾಸರಗೋಡಿನ ಸಂತ್ರಸ್ತರ ಜನಪರ ಒಕ್ಕೂಟದ ಹೋರಾಟಗಳಲ್ಲಿ, 2016ರಲ್ಲಿ ಮತ್ತು 2019ರ ಜನವರಿ ಕೊನೆಯಲ್ಲಿ, ಅವರು ಮಕ್ಕಳನ್ನೇ ಎತ್ತಿಕೊಂಡು ರೈಲು ಹತ್ತಿ ತಿರುವನಂತಪುರದ ಸಚಿವಾಲಯದ ಮುಂದೆ ಕೂತರು. 2019ರಲ್ಲಿ ದಯಾಬಾಯಿ ಅವರ ಜತೆ ಉಪವಾಸ ಮಾಡಿದರು. ಮಕ್ಕಳನ್ನು ಪ್ರದರ್ಶನಕ್ಕಿಡುವುದು ಸರಿಯೆ ಎಂಬ ಟೀಕೆ ಆಗ ಆಡಳಿತದ ಕಡೆಯಿಂದ ಬಂತು. ಈ ಟೀಕೆಯನ್ನು ನಾನು ಒಪ್ಪಲಾರೆ. ಚಿತ್ರಗಳ ಬಗ್ಗೆ ನಾನು ಇಷ್ಟು ಹೊತ್ತು ತಕರಾರು ಮಾಡಿದವಳೇ ಆದರೂ, ಇದು ಬೇರೆ. ಪೋಸ್ಟರಿನಲ್ಲಿ ಮಗು ಒಂಟಿ. ಸಚಿವಾಲಯದ ಮುಂದೆ ಮಗು ತಾಯಿಯ ಮಡಿಲಲ್ಲಿದೆ, ತಾಯಿ ಬಾಯಿಬಿಟ್ಟು ಮಾತಾಡುತ್ತಿದ್ದಾಳೆ, ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಹೇಳುತ್ತಿದ್ದಾಳೆ. ಮಲಗಿದ ಮಗುವನ್ನು ಬಿಟ್ಟು ಬರಲು ಮನೆಯಲ್ಲಿ ಬೇರೆ ಯಾರಿದ್ದಾರೆ ಎಂಬ ಸರಳ ಪ್ರಶ್ನೆಯನ್ನೂ ಟೀಕಿಸಿದವರು ಕೇಳಿಕೊಳ್ಳಲಿಲ್ಲ.

ಹಣದ ಕತೆ ಬೇಗ ಮುಗಿಯುತ್ತದೆ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಎದುರು ಬಂದ ಲೆಕ್ಕದ ಪ್ರಕಾರ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಆ ಎಂಟು ಮಂದಿ ಕೋರ್ಟಿಗೆ ಹೋದವರು. ಲೀಲಾಕುಮಾರಿ ಅಮ್ಮ ಹಿಡಿದದ್ದೂ ಅದೇ ದಾರಿ. ಈಚೆ ಕಡೆಯ ಕೊಕ್ಕಡಕ್ಕೆ ಆ ತೀರ್ಪು ಅನ್ವಯವಾಗುವುದಿಲ್ಲ. ಅದು ಬೇರೆ ರಾಜ್ಯ.

ಕಾಸರಗೋಡು ಜಿಲ್ಲೆಗೂ ಪುತ್ತೂರು ತಾಲೂಕಿಗೂ ನಡುವಿನ ಗಡಿಯಲ್ಲಿ ಮಿಂಚಿಪದವು ಎಂಬ ಗೇರು ಗುಡ್ಡವಿದೆ. ಸಿಂಪಡಣೆ ನಿಂತ ಮೇಲೆ ಉಳಿದ ಎಂಡೋಸಲ್ಫಾನನ್ನು ಅಲ್ಲಿನ ಪಾಳುಬಾವಿಗೆ ಹಾಕಿ ಮಣ್ಣು ಮುಚ್ಚಿದ್ದಾರೆ ಎಂಬ ಆರೋಪ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿದೆ. ಅಂಥ ಜಾಗದ ಚಿತ್ರ ತೆಗೆದರೆ ಕಾಣುವುದು ತರಗೆಲೆ, ಮುರಕಲ್ಲಿನ ಹುಡಿ, ಒಂದೆರಡು ಗೇರು ಗಿಡ. ಯಾವ ಪತ್ರಿಕೆಯೂ ಅದನ್ನು ಮುಖಪುಟಕ್ಕೆ ಹಾಕುವುದಿಲ್ಲ. ಒಳಗೆ ಏನಿದೆ, ಎಷ್ಟಿದೆ, ಯಾರು ತಂದು ಹಾಕಿದರು ಎಂಬುದನ್ನು ಹೇಳಬೇಕಾದದ್ದು ಆಳದಿಂದ ಕೊರೆದು ತೆಗೆದ ಮಣ್ಣು, ಮತ್ತು ಗೋದಾಮಿನಿಂದ ಎಷ್ಟು ಬ್ಯಾರೆಲು ಹೊರಗೆ ಹೋಯಿತೆಂದು ಬರೆದಿಟ್ಟ ಪುಸ್ತಕ. ಗುಡ್ಡದ ಕೆಳಗೆ ಎರಡೂ ರಾಜ್ಯಗಳ ಮನೆಗಳಿವೆ, ಎಲ್ಲರಿಗೂ ಬಾವಿಗಳಿವೆ.